ವ್ಯಾಯಾಮದ ಅಭಿಯಾನಗಳಿಗೆ ಬರುವವರು ಯಾವಾಗಲೂ ಅದೇ ಜನ ಯಾಕೆ?

ಬೆಳಗಿನ_ನಡಿಗೆ:
ನಮ್ಮದೊಂದು ಸಣ್ಣ ಗುಂಪು. ಜನ ಜಾಸ್ತಿ ನಡೆಯುವಂತೆ, ಆಡುವಂತೆ ಮಾಡಲು ಏನು ಮಾಡಬಹುದು ಎಂದು ಸ್ಥಳೀಯ ಆಡಳಿತಕ್ಕೆ ಸಲಹೆ ಬರೆದು ಕೊಡುತ್ತಿದ್ದೇವೆ. ಪೋಸ್ಟರ್, ಓಟದ ಸ್ಪರ್ಧೆ, ಆ್ಯಪ್, ಹೆಜ್ಜೆ ಎಣಿಸುವ ಪಂಥ, ಯಾವುದನ್ನೇ ಇಟ್ಟುಕೊಂಡರೂ ಬರುವವರು ಮೊದಲೇ ಓಡುತ್ತಿದ್ದವರು, ಕೈಯಲ್ಲಿ ದುಡ್ಡೂ ಸಮಯವೂ ಇರುವವರು. ಸಕ್ಕರೆ ಕಾಯಿಲೆ, ಬಿಪಿ ಯಾರನ್ನು ಹೆಚ್ಚು ಹಿಂಡುತ್ತದೋ ಅವರ ಸುಳಿವೇ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು ಜನರ, ಅಂದರೆ ಸುಮಾರು 180 ಕೋಟಿ ಜನರ ದೈಹಿಕ ಚಟುವಟಿಕೆ ಸಾಲದಾಗಿತ್ತು. 2010ರಲ್ಲಿ ಅದು ಶೇ 26ರ ಆಸುಪಾಸು ಇತ್ತು. ಇಷ್ಟೊಂದು ಪ್ರಚಾರ ನಡೆದೂ ಏರಿದೆ ಅಂದಮೇಲೆ ಹಳೆಯದನ್ನೇ ಮತ್ತೆ ಬರೆದು ಕೊಡಲು ಮನಸ್ಸಿಲ್ಲ. ಏನು ಬರೆಯೋಣ ಹೇಳಿ.

ಸರಾಸರಿ_ಸಾಕಾಗಲ್ಲ:
ಪೋಸ್ಟರ್ ಓದಿ ಅದರಂತೆ ನಡೆಯುವುದಕ್ಕೂ ಅನುಕೂಲ ಬೇಕು. ದಿನದಲ್ಲಿ ಒಂದಿಷ್ಟು ಬಿಡುವು, ಅಷ್ಟು ಹೊತ್ತು ಮಗುವನ್ನು ನೋಡಿಕೊಳ್ಳುವವರು, ಹೆದರಿಕೆ ಇಲ್ಲದ ರಸ್ತೆ. ಇದೆಲ್ಲ ಇದ್ದವರು ಬೇಗ ಬದಲಾಗುತ್ತಾರೆ, ಇಲ್ಲದವರು ಇದ್ದಲ್ಲೇ ಇರುತ್ತಾರೆ. ಸರಾಸರಿ ಸುಧಾರಿಸಿದ ಹಾಗೆ ಕಾಣುತ್ತದೆ, ಒಳಗೆ ಅಂತರ ಹಿಗ್ಗಿರುತ್ತದೆ.

ಕೆನಡಾದ ಉದಾಹರಣೆ ನೋಡಿ. 2007ರಲ್ಲಿ ಅಲ್ಲಿನ ಸರ್ಕಾರ ಮಕ್ಕಳ ಕ್ರೀಡಾ ಶುಲ್ಕಕ್ಕೆ ತೆರಿಗೆ ರಿಯಾಯಿತಿ ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಶುಲ್ಕವನ್ನು ಮೊದಲು ಕೈಯಿಂದ ಕಟ್ಟಬೇಕು, ಆಮೇಲೆ ತೆರಿಗೆಯಲ್ಲಿ ಕಡಿತ. ಮೊದಲ ಕೆಲವು ವರ್ಷ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಮನೆಗೆ ಅದರಿಂದ ಏನು ಸಿಕ್ಕೀತು? ಹೆಚ್ಚಾಗಿ ಬಳಸಿಕೊಂಡವರು ಅನುಕೂಲಸ್ಥರೇ. 2017ರಿಂದ ಅದನ್ನು ನಿಲ್ಲಿಸಿದರು.

ಹಾಗಂತ ಬಡವರಿಗೆ ಮಾತ್ರ ಎಂದು ಬೇರೆ ಯೋಜನೆ ಮಾಡುವುದನ್ನೂ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಆರೋಗ್ಯದ ಅಸಮಾನತೆ ಬಗ್ಗೆ ಮೈಕೆಲ್ ಮಾರ್ಮಟ್ 2010ರಲ್ಲಿ ಕೊಟ್ಟ ವರದಿ ಇದಕ್ಕೊಂದು ದಾರಿ ತೋರಿಸಿತ್ತು. ಸೌಲಭ್ಯ ಎಲ್ಲರಿಗೂ ಇರಲಿ, ಕೊರತೆ ಎಲ್ಲಿ ಹೆಚ್ಚೋ ಅಲ್ಲಿ ಅಷ್ಟೇ ಹೆಚ್ಚು ಕೊಡಿ. ನಿಮ್ಮ ಸಲಹೆಯ ಮೊದಲ ಸಾಲೇ ಇದಾಗಲಿ.

ಮೈಮುರಿದು:
ಇಲ್ಲಿ ಒಂದು ಮಾತು ಹೇಳಲೇಬೇಕು. ಕಡಿಮೆ ಆದಾಯದವರು ಸುಮ್ನೆ ಕೂತಿರುತ್ತಾರೆ ಎನ್ನುವ ಧಾಟಿ ಇಂಥ ಯೋಜನೆಗಳಲ್ಲಿ ಕಾಣಿಸಿದಾಗ ನನಗೆ ಸಿಟ್ಟು ಬರುತ್ತದೆ. ಇಟ್ಟಿಗೆ ಹೊರುವವರು, ಪರರ ಮನೆಯ ನೆಲ ಒರೆಸುವವರು, ನಿಂತೇ ಪಾಳಿ ಮುಗಿಸುವವರು, ಇವರಿಗೆಲ್ಲ ಸಂಜೆ ಬಂದು ಅರ್ಧ ಗಂಟೆ ಚುರುಕಾಗಿ ನಡೆಯಿರಿ ಎಂದು ಹೇಳುವ ಮುಖ ನಮಗಿದೆಯಾ? ಕೆಲಸದಲ್ಲಿ ಮೈ ಆಡಿಸುವುದೂ ಲೆಕ್ಕಕ್ಕೆ ಬರುತ್ತದೆ. 1953ರಲ್ಲೇ ಜೆರ್ರಿ ಮಾರಿಸ್ ಮತ್ತು ಅವರ ಜೊತೆಗಾರರು ಲಂಡನ್ನಿನ ಬಸ್ ಸಿಬ್ಬಂದಿಯನ್ನು ಹೋಲಿಸಿ ನೋಡಿದ್ದರು. ಇಡೀ ದಿನ ಕೂತು ಬಸ್ ಓಡಿಸುವ ಡ್ರೈವರ್‌ಗಳಿಗಿಂತ ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಆದರೆ ವಿಶ್ರಾಂತಿಯೇ ಇಲ್ಲದೆ ಭಾರ ಎತ್ತುವುದಕ್ಕೂ, ಬೇಕೆನಿಸಿದಾಗ ಓಡಿ ಸಾಕೆನಿಸಿದಾಗ ನಿಲ್ಲುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಅಂಥವರಿಗೆ ಕೆಲಸದ ಅವಧಿಗೆ ಮಿತಿ, ನಡುವೆ ಬಿಡುವು, ಬದುಕಲು ಸಾಕಾಗುವ ಕೂಲಿ ಸಿಗುವುದೂ ಆರೋಗ್ಯದ ಯೋಜನೆಯೇ ಅಲ್ವಾ.

ಹೆಂಗಸರ ಲೆಕ್ಕವನ್ನೂ ಬೇರೆಯಾಗಿಯೇ ಹಿಡಿಯಿರಿ. ನೀವು ಹೇಳಿದ ಅದೇ ಅಂಕಿಅಂಶದಲ್ಲಿ ಚಟುವಟಿಕೆ ಸಾಲದವರು ಗಂಡಸರಲ್ಲಿ ಶೇ 29, ಹೆಂಗಸರಲ್ಲಿ ಶೇ 34. ದಾರಿದೀಪ, ಹತ್ತಿರದಲ್ಲೊಂದು ಶುಚಿಯಾದ ಶೌಚಾಲಯ, ಜೊತೆಗೆ ನಡೆಯಲು ಜನ, ಇವು ಇಲ್ಲದ ಪಾರ್ಕಿಗೆ ಯಾಕೆ ಬರಲಿಲ್ಲ ಎಂದು ಅವರನ್ನು ಕೇಳಬೇಡಿ.

ಎರಡು_ಗಾಲಿ:
ಮೇಲಿನ ಎರಡೂ ಒಪ್ಪಿಗೆ. ಆದರೆ ಕೂಲಿ, ಕೆಲಸದ ಅವಧಿ ಬದಲಾಗುವ ತನಕ ಕಾಯಬೇಕಿಲ್ಲ, ಈಗಲೇ ಆಗುವ ಕೆಲಸಗಳಿವೆ. ಕೊಲಂಬಿಯಾದ ಬೊಗೊಟಾದಲ್ಲಿ 1974ರಲ್ಲಿ ಶುರುವಾದ ಸಿಕ್ಲೊವಿಯಾ ಇವತ್ತಿಗೂ ನಡೆಯುತ್ತಿದೆ. ಭಾನುವಾರ ಮತ್ತು ರಜಾ ದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಯಲ್ಲಿ ವಾಹನ ನಿಲ್ಲಿಸಿ ಜನರಿಗೆ ಬಿಡುತ್ತಾರೆ. ಶುಲ್ಕ ಇಲ್ಲ, ಸದಸ್ಯತ್ವ ಇಲ್ಲ, ಸೈಕಲ್ ಇಲ್ಲದಿದ್ದರೆ ನಡೆದರಾಯಿತು. ಪಾರ್ಕುಗಳಲ್ಲಿ ಉಚಿತ ವ್ಯಾಯಾಮ ತರಗತಿಗಳೂ ಇವೆ. ಬ್ರೆಜಿಲಿನ ರೆಸಿಫೆ ನಗರದಲ್ಲೂ 2002ರಿಂದ ಸಾರ್ವಜನಿಕ ಜಾಗಗಳಲ್ಲಿ ತರಬೇತುದಾರರನ್ನಿಟ್ಟು ಪುಕ್ಕಟೆ ತರಗತಿ ನಡೆಸಿದರು, 2011ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಅಂಥದ್ದನ್ನೇ ದೇಶದ ಕಾರ್ಯಕ್ರಮ ಮಾಡಿತು.

ನನಗೆ ಇದರಲ್ಲಿ ಇಷ್ಟವಾಗುವುದು ಇದು ವಾರ ವಾರವೂ ತಪ್ಪದೆ ನಡೆಯುತ್ತದೆ ಎನ್ನುವುದು. ವರ್ಷಕ್ಕೊಂದು ಮ್ಯಾರಥಾನಿಗೆ ಸುರಿಯುವ ಹಣವನ್ನು ಫುಟ್‌ಪಾತ್, ನೆರಳು, ಸುರಕ್ಷಿತವಾಗಿ ರಸ್ತೆ ದಾಟುವ ಜಾಗ, ಮನೆ ಹತ್ತಿರದ ಬಸ್ ನಿಲ್ದಾಣಕ್ಕೆ ಹಾಕಿ. ಬಸ್ಸಿಗೆ ಹೋಗುವವರು ಹೋಗುವಾಗಲೂ ಬರುವಾಗಲೂ ನಡೆಯುತ್ತಾರೆ, ಅದಕ್ಕೆ ಬೇರೆ ಸಮಯ ಹುಡುಕಬೇಕಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡದು ಅನಿಸುತ್ತದೆ. ಆದರೆ ಒಮ್ಮೆಗೆ ಕನಿಷ್ಠ 10 ನಿಮಿಷ ಆಗಬೇಕು ಎಂಬ ಷರತ್ತನ್ನು ಅದೇ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದ್ದಾರೆ. ಚೂರುಪಾರು ನಡಿಗೆಯೂ ಸೇರುತ್ತದೆ.

ಬೆಳಗಿನ_ನಡಿಗೆ:
ಎಲ್ಲರಿಗೂ ಥ್ಯಾಂಕ್ಸ್, ತುಂಬಾ ಉಪಯೋಗವಾಯಿತು. ಒಂದೇ ತೊಡಕು. ಆಡಳಿತದವರು ಕೊನೆಗೆ ಕೇಳುವುದು ಎಷ್ಟು ಜನ ಬಂದರು ಅಂತ. ಇದಕ್ಕೆ ಏನು ಹೇಳೋಣ?

ಸರಾಸರಿ_ಸಾಕಾಗಲ್ಲ:
ಎಷ್ಟು ಜನ ಎನ್ನುವುದರ ಪಕ್ಕದಲ್ಲೇ ಯಾರು ಎಂದೂ ಬರೆಸಿ. 2030ರೊಳಗೆ ನಿಷ್ಕ್ರಿಯತೆಯನ್ನು ಶೇ 15ರಷ್ಟು ತಗ್ಗಿಸಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಸುಲಭಕ್ಕೆ ಸಿಗುವವರನ್ನೇ ಎಣಿಸಿಕೊಂಡು ಇಂಥ ಗುರಿಯನ್ನು ಎಲ್ಲಿ ಬೇಕಾದರೂ ಮುಟ್ಟಿಬಿಡಬಹುದು, ನನಗೆ ಭಯ ಇರುವುದು ಅಲ್ಲೇ. ಹಾಗಾಗಿ ಬಡಾವಣೆವಾರು, ಗಂಡಸರು ಹೆಂಗಸರು, ವಯಸ್ಸು, ಅಂಗವೈಕಲ್ಯ, ಒಂದೊಂದಕ್ಕೂ ಬೇರೆ ಗುರಿ ಇಡಿ. ಅತಿ ಹಿಂದುಳಿದ ಬಡಾವಣೆಯಲ್ಲಿ ಏನೂ ಬದಲಾಗದಿದ್ದರೆ ಯೋಜನೆ ಸಫಲ ಎಂದು ಘೋಷಿಸುವಂತಿಲ್ಲ ಎಂದು ಸಲಹೆಯಲ್ಲೇ ಬರೆಯಿರಿ. ಬಾರದವರ ಬಾಗಿಲಿಗೆ ಹೋಗಿ ಕಾರಣ ಕೇಳಲು ಹಣ ಮತ್ತು ಜನ ಬೇಕು, ಅದನ್ನೂ ಬಜೆಟ್ಟಿನಲ್ಲಿ ಸೇರಿಸಿ. ಕರಡು ಆದಮೇಲೆ ಇಲ್ಲಿ ಹಾಕಿ, ಕೂತು ಓದೋಣ.