ಕರಡಿ ದಾಳಿಯಾಗಿ ಎರಡು ತಿಂಗಳು: ಅಪ್ಪನ ಗಾಯ ಒಣಗಿದೆ, ಆದರೆ ಕಣ್ಣು ಮುಚ್ಚುತ್ತಿಲ್ಲ, ನಿದ್ದೆಯೂ ಇಲ್ಲ

ಗುಡೇಕೋಟೆ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಕೂಡ್ಲಿಗಿ ತಾಲ್ಲೂಕು, ಗುಡೇಕೋಟೆ ಕಡೆಯ ಹಳ್ಳಿ. ಎರಡು ತಿಂಗಳ ಹಿಂದೆ ಅಪ್ಪನ ಮೇಲೆ ಕರಡಿ ಬಿತ್ತು. ಪಂಪ್‌ಸೆಟ್ಟಿಗೆ ರಾತ್ರಿ ಪಾಳಿ ಕರೆಂಟು. ಬೆಳಕು ಹರಿಯುವ ಮುಂಚೆ ಗುಡ್ಡದ ಬುಡದ ಶೇಂಗಾ ಹೊಲಕ್ಕೆ ನೀರು ಹಾಯಿಸಲು ಹೋಗಿದ್ದರು. ಬದುವಿನ ಸೀತಾಫಲದ ಗಿಡದ ಮರೆಯಲ್ಲಿ ತಾಯಿ ಕರಡಿ, ಮರಿ ಇದ್ದವು. ಎದ್ದು ನಿಂತು ನೇರ ಮುಖಕ್ಕೇ ಹೊಡೆಯಿತು. ಪಕ್ಕದ ಹೊಲದವರು ಕೂಗಾಡುತ್ತಾ ಬಂದಿದ್ದಕ್ಕೆ ಬಿಟ್ಟು ಓಡಿತು.

ಬಲಗೆನ್ನೆ, ಹುಬ್ಬು ಹರಿದಿದ್ದವು. ನೆತ್ತಿಯ ಚರ್ಮ ಕಿತ್ತು ಬಂದಿತ್ತು. ಬಳ್ಳಾರಿಯಲ್ಲಿ ಆಪರೇಷನ್ ಮಾಡಿ, ತೊಡೆಯ ಚರ್ಮ ತೆಗೆದು ನೆತ್ತಿಗೆ ಹಾಕಿದರು. ರೇಬೀಸ್ ಇಂಜೆಕ್ಷನ್ ಎಲ್ಲ ಮುಗಿದಿದೆ. ಹೊಲಿಗೆ ಚೆನ್ನಾಗಿ ಕೂಡಿದೆ.

ಆದರೆ ಬಲಗಣ್ಣು ಪೂರ್ತಿ ಮುಚ್ಚುವುದಿಲ್ಲ. ಯಾವಾಗಲೂ ಕೆಂಪು, ನೀರು. ರಾತ್ರಿ ನಾಯಿ ಬೊಗಳಿದರೆ ಎದ್ದು ಕೂತುಬಿಡುತ್ತಾರೆ. ಹಗಲಿಡೀ ಮುಖಕ್ಕೆ ಟವೆಲ್ ಸುತ್ತಿಕೊಂಡಿರುತ್ತಾರೆ. ನನ್ನ ಮಗ ಹತ್ತಿರ ಹೋದರೆ ಗೋಡೆ ಕಡೆ ತಿರುಗುತ್ತಾರೆ. ಮೊದಲು ಅವನನ್ನು ಹೆಗಲಿನಿಂದ ಇಳಿಸುತ್ತಲೇ ಇರಲಿಲ್ಲ. ಹೊಲದ ಮಾತೇ ಎತ್ತುವುದಿಲ್ಲ.

ಇಂಥದ್ದನ್ನು ದಾಟಿ ಬಂದವರು ಇಲ್ಲಿ ಯಾರಾದರೂ ಇದ್ದೀರಾ? ಕಣ್ಣು ತಾನಾಗೇ ಸರಿ ಹೋಗುತ್ತಾ? ಪರಿಹಾರದ ಅರ್ಜಿ ಹಾಕಿದ್ದೇವೆ, ಗಾಯಕ್ಕೆ ಒಂದಿಷ್ಟು ಬರುತ್ತದೆ ಅಂತಾರೆ. ಅಷ್ಟೇನಾ?

ಸಂಡೂರು ರೈತ:

ತಂಗಿ, ನಾನಿದ್ದೇನೆ. ನನಗೂ ಕರಡಿಯೇ, ನನಗೂ ಮುಖವೇ. ಎಷ್ಟೋ ವರ್ಷವಾಯಿತು. ಈಗ ಹೊಲ ಮಾಡುತ್ತೇನೆ, ಬೈಕ್ ಓಡಿಸುತ್ತೇನೆ, ಮಗಳ ಮದುವೆ ಮಾಡಿದೆ. ಇದನ್ನು ಅಪ್ಪನಿಗೆ ಓದಿ ಹೇಳಮ್ಮ.

ಬೇರೆ ಎಲ್ಲಕ್ಕಿಂತ ಮೊದಲು ಕಣ್ಣು. ಅದು ಕಾಯುವುದಿಲ್ಲ. ರೆಪ್ಪೆ ಮುಚ್ಚಿಸುವ ನರ ಕೆನ್ನೆಯ ಪಕ್ಕದಿಂದ ಬರುತ್ತದೆ, ಉಗುರು ಆಳಕ್ಕೆ ಇಳಿದರೆ ಅದಕ್ಕೇ ಪೆಟ್ಟು. ರೆಪ್ಪೆ ಮುಚ್ಚದಿದ್ದರೆ ಕರಿಗುಡ್ಡೆ ಒಣಗುತ್ತದೆ. ಒಣಗಿದರೆ ಹುಣ್ಣಾಗುತ್ತದೆ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿದು ದೃಷ್ಟಿ ಹೋಗಬಹುದು. ನೀರು ಸುರಿಯುತ್ತಿದೆ, ಹಾಗಾದರೆ ಕಣ್ಣು ಒದ್ದೆಯಾಗೇ ಇದೆ ಅಂತ ನಮಗೆ ಅನ್ನಿಸುತ್ತದೆ. ಹಾಗಲ್ಲ. ಒಣಗಿ ಉರಿಯುತ್ತಿರುವುದಕ್ಕೇ ಆ ನೀರು.

ನನಗೆ ಹೇಳಿಕೊಟ್ಟಿದ್ದು ಇಷ್ಟು. ಹಗಲು ಕೃತಕ ಕಣ್ಣೀರಿನ ಹನಿ ಆಗಾಗ. ರಾತ್ರಿ ಕಣ್ಣಿನ ಮುಲಾಮು ಹಾಕಿ, ರೆಪ್ಪೆ ಇಳಿಸಿ, ಟೇಪ್ ಅಂಟಿಸಿ ಮಲಗುವುದು. ಹೊರಗೆ ಹೊರಟರೆ ದೂಳು, ಗಾಳಿ ತಾಗದ ಹಾಗೆ ಪಕ್ಕವೂ ಮುಚ್ಚುವ ಕನ್ನಡಕ. ನೆನಪಾದಾಗಲೆಲ್ಲ ಬೆರಳಿನಿಂದ ಮೆಲ್ಲಗೆ ರೆಪ್ಪೆ ಮುಚ್ಚಿ ಬಿಡುವುದು. ಇದರ ನಡುವೆ ನರದ ಪರೀಕ್ಷೆ ಮಾಡಿಸಿ. ನರ ಜಜ್ಜಿದ್ದಷ್ಟೇ ಆದರೆ ತಿಂಗಳುಗಳಲ್ಲಿ ಚಲನೆ ಬರಬಹುದು. ನರ ಬೆಳೆಯುವುದೇ ದಿನಕ್ಕೆ ಸುಮಾರು 1 ಮಿಲಿಮೀಟರ್. ಕತ್ತರಿಸಿ ಹೋಗಿದ್ದರೆ ಜೋಡಿಸಬೇಕು, ತಡವಾದಷ್ಟೂ ಫಲ ಕಡಿಮೆ. ಅದೂ ಆಗದಿದ್ದರೆ ಮೇಲಿನ ರೆಪ್ಪೆಯೊಳಗೆ ಚಿಕ್ಕದೊಂದು ಚಿನ್ನದ ತೂಕ ಇಟ್ಟು ಹೊಲಿಯುತ್ತಾರೆ, ಭಾರಕ್ಕೆ ರೆಪ್ಪೆ ಇಳಿಯುತ್ತದೆ. ನನಗೆ ರೆಪ್ಪೆಯ ಮೂಲೆ ಸ್ವಲ್ಪ ಹೊಲಿದು ಕಣ್ಣು ಚಿಕ್ಕದು ಮಾಡಿದರು. ನೋಡಲು ಒಂದು ಕಣ್ಣು ಸಣ್ಣ, ಆದರೆ ದೃಷ್ಟಿ ಉಳಿಯಿತು.

ಇನ್ನು ಟವೆಲ್. ಅದನ್ನು ಯಾರೂ ಕಿತ್ತುಕೊಳ್ಳಬೇಡಿ. ತಾನಾಗಿ ತೆಗೆಯುವ ದಿನ ಬರಲಿ. ನಮ್ಮ ಮನೆಯವರು ಕನ್ನಡಿ ಎತ್ತಿಟ್ಟಿದ್ದರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ನನಗೆ ಅದರಿಂದ ಭಯ ಜಾಸ್ತಿಯಾಯಿತು. ಇಷ್ಟು ಮುಚ್ಚಿಡುತ್ತಿದ್ದಾರೆ ಅಂದರೆ ಎಷ್ಟು ಕೆಟ್ಟಿರಬೇಕು ಅಂತ. ನನಗೆ ಸಹಾಯ ಆಗಿದ್ದು ನಮ್ಮೂರ ಕ್ಷೌರದವನು. ಮನೆಗೇ ಬಂದು, ಏನೂ ಕೇಳದೆ, ಗಾಯದ ಸುತ್ತ ಹುಷಾರಾಗಿ ಗಡ್ಡ ತೆಗೆದ. ಕೈ ನಡುಗಲಿಲ್ಲ, ಮುಖ ತಿರುಗಿಸಲಿಲ್ಲ. ಹೆಂಡತಿ ಮಕ್ಕಳ ಬಿಟ್ಟು ಹೊರಗಿನ ಒಬ್ಬ ಮನುಷ್ಯ ನನ್ನ ಮುಖ ಮುಟ್ಟಿದ್ದು ಅದೇ ಮೊದಲು. ಹಾಗೆ ಒಬ್ಬರನ್ನು ಕರೆಸಿ ನೋಡಿ.

ಮೊಮ್ಮಗನಿಗೆ ಮೊದಲೇ ಹೇಳಿ: ತಾತನಿಗೆ ಕರಡಿ ಪರಚಿದೆ, ಗುರುತು ಇರುತ್ತದೆ, ತಾತ ಅದೇ ತಾತ. ಮಕ್ಕಳು ದಿಟ್ಟಿಸಿ ನೋಡುತ್ತಾರೆ, ಎರಡು ಪ್ರಶ್ನೆ ಕೇಳುತ್ತಾರೆ, ಆಮೇಲೆ ಆಟಕ್ಕೆ ಹೋಗುತ್ತಾರೆ. ದೊಡ್ಡವರೇ ಕಷ್ಟ. "ಅಯ್ಯೋ ಪಾಪ" ಅಂತ ಬಾಗಿಲಲ್ಲಿ ಅಳುವ ನೆಂಟರನ್ನು ಕೆಲ ದಿನ ಬರಬೇಡಿ ಅನ್ನಿ. ನಿಷ್ಠುರ ಆದರೂ ಆಗಲಿ.

ಹೊಲಕ್ಕೆ ನಾನು ಹೋಗಿದ್ದು ಮಟಮಟ ಮಧ್ಯಾಹ್ನ, ಅಣ್ಣ, ಬಾವ, ಇಬ್ಬರು ಆಳುಗಳ ಜೊತೆ. ಬದುವಿನ ತನಕ ಹೋಗಿ ಬಂದದ್ದು ಅಷ್ಟೇ. ಆಮೇಲೆ ದಿನ ಬಿಟ್ಟು ದಿನ, ಸ್ವಲ್ಪ ಸ್ವಲ್ಪ ಮುಂದೆ. ಮೈ ಬೆವರುತ್ತಿತ್ತು, ಕಾಲು ಮುಂದಕ್ಕೆ ಏಳುತ್ತಿರಲಿಲ್ಲ. ಕತ್ತಲಲ್ಲಿ ಇವತ್ತಿಗೂ ಒಬ್ಬನೇ ಹೋಗುವುದಿಲ್ಲ. ಅದು ಹೇಡಿತನ ಅಲ್ಲ, ಬುದ್ಧಿ.

ಇಂಜೆಕ್ಷನ್ ರೂಮಿನ ಸಿಸ್ಟರ್:

ಅಣ್ಣ ಹೇಳಿದ್ದೆಲ್ಲ ಸರಿ. ಕಣ್ಣಲ್ಲಿ ನೋವು ಹೆಚ್ಚಾದರೆ, ಮಂಜಾದರೆ, ಬೆಳಕು ನೋಡಲಾಗದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಯಾವುದೋ ಸ್ಟಿರಾಯ್ಡ್ ಡ್ರಾಪ್ಸ್ ತರಬೇಡಿ. ಕೆಂಪು ಇಳಿದ ಹಾಗೆ ಕಾಣುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ.

ನಿದ್ದೆಯ ವಿಷಯ. ಜೀವ ಹೋಗುವಂಥ ಘಟನೆ ಕಂಡವರಿಗೆ ಬೆಚ್ಚಿ ಬೀಳುವುದು, ಅದೇ ಕನಸು, ಆ ಜಾಗದಿಂದ ತಪ್ಪಿಸಿಕೊಳ್ಳುವುದು ಒಂದು ತಿಂಗಳು ದಾಟಿಯೂ ಬಿಡದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ ಕೂಡ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನೂ ನೋಡಬಹುದು. "ಹುಚ್ಚಿನ ಡಾಕ್ಟ್ರ ಹತ್ರ ಯಾಕೆ" ಅಂತ ಅಪ್ಪ ಅಂದರೆ, ನಿದ್ದೆಗೆ ತೋರಿಸೋಣ ಬನ್ನಿ ಅನ್ನಿ. ಸುಳ್ಳೇನಲ್ಲ ಅಲ್ವಾ? ನಿದ್ದೆಗೆ ಅಂತ ಎಣ್ಣೆ ಶುರು ಮಾಡದ ಹಾಗೆ ಮಾತ್ರ ನೋಡಿಕೊಳ್ಳಿ.

ಓದುತ್ತಿರುವ ಬೇರೆಯವರಿಗೂ ಹೇಳಬೇಕು. ಕರಡಿ ಗಾಯಕ್ಕೆ ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಿಕೊಂಡು ಬರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, 108 ಕರೆಯಿರಿ. ಸಣ್ಣ ಗಾಯವಾದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಕಿತ್ತು ಬಂದ ಚರ್ಮ ಬಿಸಾಡಬೇಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ತನ್ನಿ. ಕರಡಿಗೂ ರೇಬೀಸ್ ಇರಬಹುದು. ಚರ್ಮ ಹರಿದಿದ್ದರೆ ಗಾಯದೊಳಗೆ, ಸುತ್ತಲೂ ಕೊಡುವ ಇಮ್ಯುನೋಗ್ಲಾಬ್ಯುಲಿನ್ (ಲಸಿಕೆ ಕೆಲಸ ಶುರು ಮಾಡುವವರೆಗೆ ಕಾಪಾಡುವ ಸಿದ್ಧ ಪ್ರತಿಕಾಯ) ಕೂಡ ಬೇಕು. ಬರೀ ತೋಳಿನ ಲಸಿಕೆ ಸಾಲದು. ತೋಳಿನ ಸ್ನಾಯುವಿಗೆ ಕೊಡುವ ಲಸಿಕೆಯ ದಿನಗಳು 0, 3, 7, 14, 28. ಧನುರ್ವಾಯು ಇಂಜೆಕ್ಷನ್ ಬೇರೆ.

ನಿವೃತ್ತ ಫಾರೆಸ್ಟ್ ವಾಚರ್:

ಅರ್ಜಿಯನ್ನು "ಗಾಯ" ಅಂತ ಮುಗಿಸಲು ಬಿಡಬೇಡಮ್ಮ. ಗಾಯ, ಭಾಗಶಃ ಅಂಗವೈಕಲ್ಯ, ಶಾಶ್ವತ ಅಂಗವೈಕಲ್ಯ, ಮೂರಕ್ಕೂ ಮೊತ್ತ ಬೇರೆ. ಕಣ್ಣಿನ ಚಿಕಿತ್ಸೆ ಇನ್ನೂ ನಡೆಯುತ್ತಿದೆ, ದೃಷ್ಟಿ, ಮುಖದ ನರ ಎಷ್ಟು ಉಳಿಯುತ್ತದೆ ಗೊತ್ತಿಲ್ಲ ಅಂತ ವಲಯ ಅರಣ್ಯಾಧಿಕಾರಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಡಿಸ್ಚಾರ್ಜ್ ಸಾರಾಂಶ, ಗಾಯದ ಪ್ರಮಾಣಪತ್ರ, ಬಿಲ್ಲು, ಫೋಟೋ ಎಲ್ಲದರ ಜೆರಾಕ್ಸ್ ನಿಮ್ಮ ಹತ್ತಿರ ಇರಲಿ. ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ ಜಿಲ್ಲಾಸ್ಪತ್ರೆಯಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ತೋರಿಸಿ. 40 ಪರ್ಸೆಂಟ್ ದಾಟಿದರೆ ಬೇರೆ ಸೌಲಭ್ಯಗಳೂ ಸಿಗುತ್ತವೆ. ಕಡತ ಮುಂದೆ ಹೋಗದಿದ್ದರೆ ಅರಣ್ಯ ಸಹಾಯವಾಣಿ 1926 ಇದೆ.

ಇನ್ನೊಂದು ಮಾತು. ದರೋಜಿ ಕರಡಿಧಾಮ 1994ರಲ್ಲಿ ಆಯಿತು, ಗುಡೇಕೋಟೆಯದು 2013ರಲ್ಲಿ. ಆದರೆ ಕರಡಿಗೆ ಗಡಿ ಗೊತ್ತಾ? ಹಗಲು ಬಂಡೆಯ ಗವಿಯಲ್ಲಿರುತ್ತದೆ, ಕತ್ತಲಾದರೆ ಗೆದ್ದಲು, ಜೇನು, ಹಣ್ಣು, ಶೇಂಗಾ ಹುಡುಕಿ ಇಳಿಯುತ್ತದೆ. ದೃಷ್ಟಿ ಮಂದ. ಹಾಗಾಗಿ ತೀರಾ ಹತ್ತಿರ ಹೋಗುವವರೆಗೆ ಅದಕ್ಕೂ ನಾವು ಗೊತ್ತಾಗುವುದಿಲ್ಲ. ಗಾಬರಿಯಾಗಿ ಎರಗುತ್ತದೆ. ಅದಕ್ಕೇ ಜೋರಾಗಿ ಮಾತಾಡುತ್ತಾ, ಬ್ಯಾಟರಿ ಹಿಡಿದು, ಇಬ್ಬರು ಮೂವರು ಹೋಗಬೇಕು. ಎದುರಾದರೆ ಓಡಬಾರದು, ಅದು ನಮಗಿಂತ ಜೋರು. ಮೇಲೆ ಬಿದ್ದೇ ಬಿಟ್ಟರೆ ಬೋರಲು ಮಲಗಿ, ಮುಖ ನೆಲಕ್ಕೆ ಒತ್ತಿ, ಎರಡೂ ಕೈ ಕತ್ತಿನ ಹಿಂದೆ ಕಟ್ಟಿಕೊಳ್ಳಬೇಕು. ಬೆನ್ನಿನ ಗಾಯ ಮಾಯುತ್ತದೆ.

ಆದರೆ ಇಷ್ಟೆಲ್ಲ ರೈತನಿಗೇ ಹೇಳುವುದು ನನಗೆ ಸರಿ ಅನ್ನಿಸುವುದಿಲ್ಲ. ಗುಡ್ಡದಂಚಿನ ಊರುಗಳಿಗೆ ಹಗಲು ತ್ರೀ ಫೇಸ್ ಕರೆಂಟು ಕೊಡಿ ಅಂತ ಪಂಚಾಯಿತಿಯಿಂದ ಠರಾವು ಮಾಡಿಸಿ ಕಳಿಸಿ. ನೀರು ಹಾಯಿಸಲು ಕತ್ತಲಲ್ಲಿ ಹೋಗುವುದು ತಪ್ಪಿದರೆ ಎಷ್ಟೋ ಮುಖಗಳು ಉಳಿಯುತ್ತವೆ.

ಗುಡೇಕೋಟೆ ಮಗಳು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಪ್ಪನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆವು. ಕರಿಗುಡ್ಡೆಯ ಕೆಳಗಡೆ ಒಣಗಿ ಸಿಪ್ಪೆ ಎದ್ದಿದೆ, ಹುಣ್ಣು ಇನ್ನೂ ಆಗಿಲ್ಲ, ಸರಿಯಾದ ಹೊತ್ತಿಗೆ ಬಂದಿರಿ ಅಂದರು. ಹನಿ, ಮುಲಾಮು ಕೊಟ್ಟಿದ್ದಾರೆ. ನರದ ಪರೀಕ್ಷೆಗೆ ಬರೆದಿದ್ದಾರೆ. ಸಂಡೂರು ಅಣ್ಣನ ಮಾತು ಓದಿದಾಗ ಅಪ್ಪ "ಇನ್ನೊಂದ್ಸಲ ಓದು" ಅಂದರು. ಅಣ್ಣ, ರಾತ್ರಿ ಟೇಪ್ ಕಿತ್ತರೆ ರೆಪ್ಪೆಯ ಚರ್ಮವೇ ಬರುತ್ತಿದೆ, ಏನು ಮಾಡಲಿ?

ಸಂಡೂರು ರೈತ:

ಕಾಗದದ ಥರ ತೆಳ್ಳಗಿರುವ ಮೈಕ್ರೋಪೋರ್ ಟೇಪ್ ಕೇಳಿ. ಮುಲಾಮು ರೆಪ್ಪೆಯ ಮೇಲೆ ಸುರಿದಿದ್ದರೆ ಒರೆಸಿ ಅಂಟಿಸಿ, ಮೇಲಿನಿಂದ ಕೆನ್ನೆ ಕಡೆಗೆ ಓರೆಯಾಗಿ. ಒಂದು ತುದಿ ಮಡಚಿ, ಹಿಡಿದು ಎಳೆಯಲು ಬಿಡಿ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಆ ತುದಿ ಹಿಡಿದು ಮೆಲ್ಲಗೆ ತೆಗೆಯಿರಿ. ರೆಪ್ಪೆ ಪೂರ್ತಿ ಇಳಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಅರ್ಧ ತೆರೆದಿದ್ದು ಟೇಪ್ ಕಣ್ಣಿಗೇ ಉಜ್ಜಿದರೆ ಇನ್ನೂ ಕೆಟ್ಟದ್ದು. ಅಪ್ಪನಿಗೆ ಮಾತಾಡಬೇಕು ಅನ್ನಿಸಿದರೆ ಇಲ್ಲೇ ಖಾಸಗಿ ಸಂದೇಶ ಹಾಕು ತಂಗಿ. ಸಂಜೆ ಆರರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.