ಸಹಾಯ ಬೇಕು: ಮಾಸ್ಟರ್ ಕಾಂಟ್ಯಾಕ್ಟರ್‌ಗೆ ಡಯೋಡೇ ಯಾಕೆ, ರೆಸಿಸ್ಟರ್ ಯಾಕಲ್ಲ?

ನಮಸ್ಕಾರ. ನಾನು ಮೈಸೂರಿನವನು. ಮಂಡಕಳ್ಳಿ ಕಡೆ ಸಣ್ಣ ವಿಮಾನ ಹಾರುವುದನ್ನು ನೋಡಿ ನೋಡಿ ಹಿಡಿದ ಹುಚ್ಚು ಇದು. ಈಗ 14 ವೋಲ್ಟ್ ವಿಮಾನದ ವೈರಿಂಗ್ ಚಿತ್ರ ಓದುತ್ತಿದ್ದೇನೆ. ಅದರಲ್ಲಿ ಬ್ಯಾಟರಿಯನ್ನು ವಿಮಾನದ ವೈರಿಂಗ್‌ಗೆ ಸೇರಿಸುವ ದೊಡ್ಡ ಸ್ವಿಚ್ಚೇ ಮಾಸ್ಟರ್ ಕಾಂಟ್ಯಾಕ್ಟರ್; ಒಳಗಿನ ಕಾಯಿಲ್‌ಗೆ (ತಂತಿ ಸುರುಳಿ) ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ಈ ಸ್ವಿಚ್ಚನ್ನು ಮುಚ್ಚುತ್ತದೆ.

ಮಾಸ್ಟರ್ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇದೆ, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಕಾಯಿಲ್‌ಗೆ ಕರೆಂಟ್ ಕೊಡುವ ಸಣ್ಣ ಸ್ವಿಚ್ ಆಫ್ ಮಾಡಿದ ಕ್ಷಣ ಕಾಯಿಲ್ ನೂರಾರು ವೋಲ್ಟ್ ಉಲ್ಟಾ ಹೊಡೆಯುತ್ತದೆ. ಡಯೋಡ್ ಆ ಕರೆಂಟನ್ನು ಕಾಯಿಲ್‌ನಲ್ಲೇ ಸುತ್ತಿಸಿ, ಸ್ವಿಚ್ ಕಿಡಿಗೆ ಸುಡದಂತೆ ಕಾಯುತ್ತದೆ. ಇಷ್ಟು ಅರ್ಥವಾಯಿತು. (ಮನೆಯಲ್ಲಿ 1ಎನ್4007 ಡಯೋಡನ್ನು ತಿರುಗಿಸಿ ಹಾಕಿ ಫ್ಯೂಸ್ ಹಾರಿಸಿದ ಮೇಲೆ ಚೆನ್ನಾಗಿಯೇ ಅರ್ಥವಾಯಿತು!)

ಡಯೋಡ್ ಬದಲು ರೆಸಿಸ್ಟರ್ ಹಾಕಿದರೆ ಅದು ಹಾರಾಟದುದ್ದಕ್ಕೂ ಸುಮ್ನೆ ಕರೆಂಟ್ ತಿನ್ನುತ್ತದೆ, ಅಲ್ವಾ? ಡಯೋಡ್ ಇದ್ದರೆ ಕಾಂಟ್ಯಾಕ್ಟರ್ ಬಿಡುವುದು ಸ್ವಲ್ಪ ತಡವಂತೆ. ಡಯೋಡ್, ರೆಸಿಸ್ಟರ್ ಎರಡನ್ನೂ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಹಾಕಿದರೆ ಆ ತಡ ಕಡಿಮೆಯಾಗುತ್ತದಾ? ಎಷ್ಟು ಓಮ್ ಇಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.