ಮೈಸೂರಿನ ಮಹಾರಾಣಿ ಹೆಣ್ಣುಮಕ್ಕಳ ಶಾಲೆ: ಶುರು ಮಾಡಿದವರ ಮನಸ್ಸಿನಲ್ಲಿ ಏನಿತ್ತು?

ಗೋಡೆಪತ್ರಿಕೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಬಗ್ಗೆ ತಿಳಿದವರು ಇದ್ದರೆ ಸ್ವಲ್ಪ ಹೇಳಿ. ನಾನು ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ, ಕಾಲೇಜಿನ ಗೋಡೆಪತ್ರಿಕೆಗೆ ಒಂದು ಲೇಖನ ಬರೆಯಬೇಕು. 2022ರಲ್ಲಿ ನಾರಾಯಣಶಾಸ್ತ್ರಿ ರಸ್ತೆಯ ಎನ್‌ಟಿಎಂ ಅನ್ನುವ ಕನ್ನಡ ಶಾಲೆಯ ಕಟ್ಟಡ ಕೆಡವಿದಾಗ ಅದು 1881ರ ಶಾಲೆ ಅಂತ ಪೇಪರಿನಲ್ಲಿ ಬಂದಿತ್ತು. ಮಹಾರಾಣಿ ಕಾಲೇಜಿನ ಮೂಲವೂ ಅದೇ 1881 ಅನ್ನುತ್ತಾರೆ. ಎರಡರ ಬೇರೂ ಒಂದೇನಾ?

ನನಗೆ ಇಸವಿಗಿಂತ ಜಾಸ್ತಿ ಬೇಕಾಗಿರುವುದು ಬೇರೆ. ಎಂಟು ಹತ್ತು ವರ್ಷಕ್ಕೆಲ್ಲ ಮದುವೆ ಮಾಡಿಬಿಡುತ್ತಿದ್ದ ಕಾಲದಲ್ಲಿ ಹುಡುಗಿಯರಿಗೆ ಅಂತಲೇ ಶಾಲೆ ತೆಗೆದರಲ್ಲ, ಯಾಕೆ? ಒಳ್ಳೆ ಗೃಹಿಣಿ ಆಗಲಿ ಅಂತಲೋ, ತನ್ನ ಕಾಲ ಮೇಲೆ ತಾನು ನಿಲ್ಲಲಿ ಅಂತಲೋ? ನಮ್ಮ ಮೇಡಂ "ಆಗಿನ ಆದರ್ಶ ಏನಿತ್ತು ಅದನ್ನ ಬರಿ" ಅಂದಿದ್ದಾರೆ. ಸಿಕ್ಕಿದ ಲೇಖನಗಳಲ್ಲೆಲ್ಲ ಮಹಾರಾಜರು ದೊಡ್ಡ ಮನಸ್ಸು ಮಾಡಿದರು ಅಂತ ಎರಡು ಸಾಲು ಇರುತ್ತದೆ, ಅಲ್ಲಿಗೆ ಮುಗಿಯಿತು. ಅಲ್ಲಿ ಓದಿದವರು ಯಾರು, ಪಾಠ ಹೇಳಿದವರು ಯಾರು ಅನ್ನುವುದೇ ಇಲ್ಲ.

ಅಗ್ರಹಾರ ಸರ್ಕಲ್ ಉತ್ತರ:

ಬೇರು ಒಂದೇ. 1881ರಲ್ಲಿ ಹುಟ್ಟಿದ ಮಹಾರಾಣಿ ಶಾಲೆಯೇ ಮುಂದೆ ಹೈಸ್ಕೂಲಾಗಿ, ಕಾಲೇಜಾಗಿ ಬೆಳೆಯಿತು. ನೀವು ಹೇಳಿದ ಎನ್‌ಟಿಎಂ ಶಾಲೆಯೂ ಅದೇ ಮನೆತನದ್ದು. ಅದರ ಪಕ್ಕದ ನಿರಂಜನ ಮಠದಲ್ಲಿ 1892ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು, ಅಲ್ಲೊಂದು ಸ್ಮಾರಕ ಆಗಬೇಕು ಅಂತ ಒಂದು ಕಡೆ, ಕನ್ನಡ ಶಾಲೆ ಉಳಿಯಬೇಕು ಅಂತ ಇನ್ನೊಂದು ಕಡೆ, ವರ್ಷಗಟ್ಟಲೆ ಎಳೆದಾಟ ನಡೆದು ಕೋರ್ಟಿನವರೆಗೂ ಹೋಯಿತು. ಎರಡನ್ನೂ ಉಳಿಸಿಕೊಳ್ಳಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ. ಅದು ಬೇರೆಯೇ ಕಥೆ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

1881 ಸುಮ್ನೆ ಬಂದ ವರ್ಷ ಅಲ್ಲ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು ಆ ವರ್ಷ ಮಾರ್ಚ್ 25ಕ್ಕೆ ಮತ್ತೆ ಒಡೆಯರ ಕೈಗೆ ಬಂತು. ಹತ್ತನೇ ಚಾಮರಾಜೇಂದ್ರ ಒಡೆಯರು ಆಗಿನ್ನೂ ಹದಿನೆಂಟರ ಹುಡುಗ. ದಿವಾನರು ರಂಗಾಚಾರ್ಲು. ಅದೇ ವರ್ಷ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿತು. ನಮ್ಮ ಸಂಸ್ಥಾನವನ್ನು ನಾವೇ ಚೆನ್ನಾಗಿ ನಡೆಸುತ್ತೇವೆ ಅಂತ ತೋರಿಸಬೇಕಿದ್ದ ಹೊತ್ತು ಅದು. ಶಾಲೆ ಹುಟ್ಟಿದ್ದು ಆ ಹುರುಪಿನಲ್ಲಿ.

ಮುಂದೆ ನಿಂತು ಕಟ್ಟಿದವರು ಅರಮನೆಯಲ್ಲಿ ದರ್ಬಾರ್ ಬಕ್ಷಿ, ಅಂದರೆ ಅರಮನೆಯ ದೊಡ್ಡ ಅಧಿಕಾರಿ, ಆಗಿದ್ದ ಅಂಬಿಲ್ ನರಸಿಂಹ ಅಯ್ಯಂಗಾರ್. ದಯವಿಟ್ಟು ನಿಮ್ಮ ಲೇಖನದಲ್ಲಿ ಈ ಹೆಸರು ಬಿಡಬೇಡಿ, ಎಲ್ಲರೂ ಬಿಟ್ಟುಬಿಡುತ್ತಾರೆ. ಬೆನ್ನಿಗೆ ನಿಂತವರು ರಾಜದಂಪತಿ. ಶಾಲೆಗೆ ಹೆಸರಾದ ಮಹಾರಾಣಿ ಅಂದರೆ ಕೆಂಪನಂಜಮ್ಮಣ್ಣಿಯವರು, ಕಳಲೆ ಮನೆತನದ ಹೆಣ್ಣುಮಗಳು, 1866ರಲ್ಲಿ ಹುಟ್ಟಿದವರು. ಅಂದರೆ ಶಾಲೆ ಶುರುವಾದಾಗ ಅವರಿಗೂ ಹದಿನೈದರ ಆಸುಪಾಸು. ಈಗಿನ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ ಓದುವ ವಯಸ್ಸು.

ಆದರ್ಶದ ವಿಷಯ. ಅಯ್ಯಂಗಾರರ ದಾರಿ ಜಾಣತನದ್ದು. ಹೆಣ್ಣುಮಕ್ಕಳನ್ನು ಓದಿಸಬೇಕು, ಆದರೆ ಮನೆಯ ಹಿರಿಯರು ಬೆಚ್ಚಿಬೀಳಬಾರದು. ಕನ್ನಡ ಇರಲಿ, ಸಂಸ್ಕೃತ ಇರಲಿ, ಸಂಗೀತ, ಹೊಲಿಗೆ ಇರಲಿ, ಧರ್ಮ ಬಿಡಿಸುತ್ತಾರೆ ಅನ್ನುವ ಭಯ ಬೇಡ. ಆಗ ಹುಡುಗಿಯರಿಗೆ ಸಿಗುತ್ತಿದ್ದ ಶಾಲೆಗಳು ಬಹುಪಾಲು ಮಿಷನ್ನಿನವು. ಮಗಳು ಬೈಬಲ್ ಪಾಠ ಕಲಿತು ಬರುತ್ತಾಳೆ ಅಂತ ಅಗ್ರಹಾರದವರು ಹಿಂದೆ ಸರಿಯುತ್ತಿದ್ದರು. ಅರಮನೆಯದೇ ಶಾಲೆ, ಮಹಾರಾಣಿಯವರದೇ ಹೆಸರು ಅಂದಮೇಲೆ ಆ ನೆಪ ಉಳಿಯಲಿಲ್ಲ. ಬೀದಿಯಲ್ಲಿ "ಹೆಣ್ಣು ಓದಿ ಏನಾಗಬೇಕು" ಅಂತ ಕೇಳುವವರಿಗೆ ಅಪ್ಪ ಅಮ್ಮ ಕೊಡಬಹುದಾದ ಉತ್ತರ ಆ ಹೆಸರೇ ಆಗಿತ್ತು.

ಅರಳೀಕಟ್ಟೆ ಉತ್ತರ:

ಮೇಲಿನವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಯಾವ ಹುಡುಗಿಯರು ಅಂತ ಕೇಳಿ. ಅದು ಮೇಲ್ಜಾತಿಯ ಮನೆಗಳ ಹೆಣ್ಣುಮಕ್ಕಳಿಗೆ ಅಂತ ಶುರುವಾದ ಶಾಲೆ. ಹಿರಿಯರು ಬೆಚ್ಚಿಬೀಳಬಾರದು ಅನ್ನುವುದಕ್ಕೆ ತೆತ್ತ ಬೆಲೆ ಅದು. ಎಲ್ಲ ಜಾತಿಯ ಮಕ್ಕಳೂ ಸರ್ಕಾರಿ ಶಾಲೆಯ ಒಳಗೆ ಕೂರಬೇಕು ಅಂತ ಮೈಸೂರು ಸರ್ಕಾರ ಗಟ್ಟಿಯಾಗಿ ಹೇಳಿದ್ದು 1910ರ ದಶಕದಲ್ಲಿ. ಆಗಲೂ ಎಷ್ಟೋ ಕಡೆ ವಿರೋಧ ಬಂತು, ಮಕ್ಕಳನ್ನು ಶಾಲೆ ಬಿಡಿಸಿದವರೂ ಇದ್ದರು. ಅದೇ ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ 1848ರಲ್ಲೇ ಹೆಣ್ಣುಮಕ್ಕಳ ಶಾಲೆ ತೆಗೆದಿದ್ದರು, ಮುಂದೆ ಅಸ್ಪೃಶ್ಯರು ಅಂತ ದೂರ ಇಟ್ಟ ಮಕ್ಕಳಿಗೂ ಶಾಲೆ ನಡೆಸಿದರು, ಅದಕ್ಕಾಗಿ ಮನೆಯನ್ನೇ ಬಿಟ್ಟು ಹೊರಬರಬೇಕಾಯಿತು. ಆ ದಾರಿಗೂ ಈ ದಾರಿಗೂ ಇರುವ ಅಂತರ ಗೊತ್ತಿದ್ದು ಬರೆಯಬೇಕು ಅಲ್ವಾ.

ಇನ್ನೊಂದು ವಿಷಯ, ವಯಸ್ಸು. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹದ ಮೇಲೆ ಒಂದು ಕಾನೂನು ತಂದಿತು. ಆಗಿನ ಮಟ್ಟಿಗೆ ಅದು ದೊಡ್ಡ ಹೆಜ್ಜೆ. ಅದರಲ್ಲಿ ಇದ್ದದ್ದು ಏನು ನೋಡಿ: ಎಂಟು ವರ್ಷದೊಳಗಿನ ಹುಡುಗಿಗೆ ಮದುವೆ ಮಾಡುವಂತಿಲ್ಲ, ಮತ್ತೆ ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಅಂದರೆ ಒಂಬತ್ತು ವರ್ಷದವಳಿಗೆ ಮದುವೆ ಮಾಡಿದರೆ ಕಾನೂನಿನ ತಂಟೆ ಇಲ್ಲ. ಶಾಲೆ ಶುರುವಾಗಿ ಹದಿಮೂರು ವರ್ಷ ಆದಮೇಲಿನ ಕಾನೂನು ಇದು. ಹೀಗಿರುವಾಗ "ಹೈಸ್ಕೂಲು" ಅನ್ನುವುದು ಎಷ್ಟು ಕಷ್ಟದ ಮಾತು ಯೋಚನೆ ಮಾಡಿ. ಹುಡುಗಿ ಪ್ರೈಮರಿ ಮುಗಿಸುವ ಹೊತ್ತಿಗೆ ಗಂಡನ ಮನೆಯವರು ಅಂತ ಒಬ್ಬರು ಬಂದಾಗಿರುತ್ತಿತ್ತು. ಮೈನೆರೆದ ಮೇಲೆ ಅವಳು ಎಲ್ಲಿರಬೇಕು ಅಂತ ತೀರ್ಮಾನ ಮಾಡುತ್ತಿದ್ದವರು ಅವರು. ಹೈಸ್ಕೂಲ್ ತರಗತಿವರೆಗೂ ಬಂದು ಕೂತ ಹುಡುಗಿ ಅಂದರೆ ಗಂಡ, ಅತ್ತೆ, ಮಾವ ಎಲ್ಲರೂ ಒಪ್ಪಿದವಳು, ಇಲ್ಲವೇ ಗಂಡ ತೀರಿಹೋದವಳು. ವಿಧವೆಯರನ್ನು ಓದಿಸಿ ಟೀಚರ್ ಮಾಡುವ ಪ್ರಯತ್ನ ಮೈಸೂರಿನಲ್ಲಿ ನಡೆದದ್ದರ ಹಿಂದೆ ಈ ಲೆಕ್ಕವೂ ಇದೆ. ಹುಡುಗಿಯರಿಗೆ ಹೆಂಗಸರೇ ಪಾಠ ಹೇಳಬೇಕು ಅಂತ ಜನ ಕೇಳುತ್ತಿದ್ದರು, ಓದಿದ ಹೆಂಗಸರೋ ಬೆರಳೆಣಿಕೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಶುರು ಮಾಡಿದವರು ಒಳ್ಳೆ ಗೃಹಿಣಿ ಅಂತಲೇ ಹೇಳಿಕೊಂಡರು. ಸ್ವಂತ ಕಾಲು ಅನ್ನುವ ಮಾತು ಆಮೇಲೆ ಒಳಗಿನಿಂದ, ಹೆಂಗಸರಿಂದಲೇ ಬಂತು.

ಬಂಗಾಳಕೊಲ್ಲಿ ಉತ್ತರ:

ನಾನು ಕೋಲ್ಕತ್ತದಲ್ಲಿರುವ ಕನ್ನಡಿಗ. ಪಾಠ ಹೇಳಿದವರು ಯಾರು ಅಂತ ಕೇಳಿದ್ದೀರಿ, ಒಬ್ಬರ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. ಸರಳಾದೇವಿ, ಮದುವೆಯಾದ ಮೇಲೆ ಸರಳಾದೇವಿ ಚೌಧುರಾಣಿ. ರವೀಂದ್ರನಾಥ ಟಾಗೋರರ ಅಕ್ಕ ಸ್ವರ್ಣಕುಮಾರಿ ದೇವಿಯವರ ಮಗಳು. 1872ರಲ್ಲಿ ಹುಟ್ಟಿದರು, 1890ರಲ್ಲಿ ಕಲ್ಕತ್ತದ ಬೆಥೂನ್ ಕಾಲೇಜಿನಿಂದ ಬಿ.ಎ. ಮಾಡಿದರು. ಅಂಥವರು 1895ರ ಸುಮಾರಿಗೆ ಮೈಸೂರಿನ ಮಹಾರಾಣಿ ಶಾಲೆಗೆ ಕೆಲಸಕ್ಕೆ ಬಂದರು!

ಮನೆಯಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ. ಅವರು ಬಂದದ್ದು, ಗಂಡುಮಕ್ಕಳು ದುಡಿದು ಬದುಕುವ ಹಾಗೆ ನಾನೂ ಬದುಕಬೇಕು, ಮನೆಯ ಪಂಜರದಿಂದ ಹೊರಗೆ ಹೋಗಬೇಕು ಅನ್ನುವ ಒಂದೇ ಹಟಕ್ಕೆ. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಮದುವೆ ಆಗಿಲ್ಲ, ಭಾಷೆ ಬರದ ಊರು, ಮನೆ ಮಾಡಿಕೊಂಡು ಇದ್ದು ಸಂಬಳಕ್ಕೆ ಕೆಲಸ ಮಾಡುವುದು. ಆ ಶಾಲೆಯ ಹುಡುಗಿಯರು ಅಂಥ ಹೆಂಗಸನ್ನು ಅದಕ್ಕೆ ಮುಂಚೆ ನೋಡಿರುವ ಸಾಧ್ಯತೆ ಬಹಳ ಕಡಿಮೆ.

ಆಗ ಮೈಸೂರು ಯಾರ ಕೈಯಲ್ಲಿತ್ತು ಅನ್ನುವುದನ್ನೂ ಗಮನಿಸಿ. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಇದೇ ಕಲ್ಕತ್ತದಲ್ಲಿ ತೀರಿಕೊಂಡರು. ಮಗ ಚಿಕ್ಕವರು. 1902ರವರೆಗೆ ರೀಜೆಂಟ್ ಆಗಿ ಸಂಸ್ಥಾನ ನೋಡಿಕೊಂಡವರು ಕೆಂಪನಂಜಮ್ಮಣ್ಣಿ, ಅಂದರೆ ವಾಣಿವಿಲಾಸ ಸನ್ನಿಧಾನ. ಯಾರ ಹೆಸರಿನಲ್ಲಿ ಶಾಲೆ ಇತ್ತೋ ಅವರೇ ರಾಜ್ಯ ಆಳುತ್ತಿದ್ದಾಗ ಸರಳಾದೇವಿ ಅಲ್ಲಿದ್ದರು.

ಜಾಸ್ತಿ ದಿನ ಉಳಿಯಲಿಲ್ಲ. ಒಂದು ರಾತ್ರಿ ಯಾರೋ ಅವರ ಮನೆಯೊಳಗೆ ನುಗ್ಗಿದ. ಸುದ್ದಿ ಬಂಗಾಳಕ್ಕೆ ತಲುಪಿ, ಇಂಥ ಮನೆತನದ ಹುಡುಗಿಗೆ ಅಷ್ಟು ದೂರ ಹೋಗಿ ಕೆಲಸ ಮಾಡುವ ದರ್ದು ಏನಿತ್ತು ಅಂತ ಪತ್ರಿಕೆಯಲ್ಲೂ ಬಂತು. ನುಗ್ಗಿದವನನ್ನು ಬಿಟ್ಟು ಅವಳನ್ನು ಪ್ರಶ್ನೆ ಮಾಡಿದರು, ಓದಿದಾಗ ಈಗಲೂ ಸಿಟ್ಟು ಬರುತ್ತದೆ. ಆರೋಗ್ಯವೂ ಕೆಟ್ಟು ಕೊನೆಗೆ ಊರಿಗೆ ವಾಪಸ್ ಹೋದರು. ಹೋಗುವಾಗ ಮೈಸೂರಿನಲ್ಲಿ ಕೇಳಿ ಕಲಿತ ಹಾಡುಗಳ ಧಾಟಿಗಳನ್ನು ತೆಗೆದುಕೊಂಡು ಹೋದರು. ಅವನ್ನು ಕೇಳಿದ ಸೋದರಮಾವ ರವೀಂದ್ರನಾಥರು ಅದೇ ಧಾಟಿಗಳಿಗೆ ಬಂಗಾಳಿ ಹಾಡು ಬರೆದರು. ಇಲ್ಲಿ ಸಭೆ ಸಮಾರಂಭಗಳಲ್ಲಿ ಅವನ್ನು ಇವತ್ತೂ ಹಾಡುತ್ತಾರೆ, ಕೇಳಿದಾಗೆಲ್ಲ ನನಗೆ ಹೆಮ್ಮೆ. 1910ರಲ್ಲಿ ಸರಳಾದೇವಿ ಅಲಹಾಬಾದಿನಲ್ಲಿ ಭಾರತ ಸ್ತ್ರೀ ಮಹಾಮಂಡಲ ಕಟ್ಟಿದರು. ಮನೆಯಿಂದ ಹೊರಗೆ ಬರಲಾಗದ ಹೆಂಗಸರಿಗೆ ಮನೆಗೇ ಹೋಗಿ ಓದು ಕಲಿಸುವುದು ಅದರ ಮುಖ್ಯ ಕೆಲಸವಾಗಿತ್ತು.

ಅವರು ಓದಿದ ಬೆಥೂನ್ ಶಾಲೆಯ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಿ. 1849ರಲ್ಲಿ 21 ಹುಡುಗಿಯರಿಂದ ಶುರುವಾಯಿತು. ಹುಡುಗಿಯರನ್ನು ಕರೆತರುವ ಗಾಡಿಯ ಮೇಲೆ ಸಂಸ್ಕೃತ ಶ್ಲೋಕವೊಂದನ್ನು ಬರೆಸಿದ್ದರು, ಹೆಣ್ಣುಮಗುವನ್ನೂ ಗಂಡುಮಗುವಿನ ಹಾಗೆಯೇ ಸಾಕಬೇಕು, ತುಂಬ ಜತನದಿಂದ ಓದಿಸಬೇಕು ಅನ್ನುವ ಅರ್ಥದ್ದು. ಪಂಡಿತ ಮದನಮೋಹನ ತರ್ಕಾಲಂಕಾರರು ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕಳಿಸಿದರು, ಈಶ್ವರಚಂದ್ರ ವಿದ್ಯಾಸಾಗರರು ಕಾರ್ಯದರ್ಶಿ ಆಗಿದ್ದರು. ಶಾಸ್ತ್ರ ಬಲ್ಲವರೇ ಮುಂದೆ ನಿಂತು, ಶಾಸ್ತ್ರದ ಮಾತನ್ನೇ ಹೇಳಿ ಬಾಗಿಲು ತೆಗೆಸಿದರು. ಮೈಸೂರಿನಲ್ಲಿ ಅಯ್ಯಂಗಾರರು ಮಾಡಿದ್ದೂ ಹತ್ತಿರ ಹತ್ತಿರ ಅದನ್ನೇ.

ಗೋಡೆಪತ್ರಿಕೆ ಉತ್ತರ:

ಸರಳಾದೇವಿ ಹೆಸರೇ ಕೇಳಿರಲಿಲ್ಲ. ತುಂಬ ಥ್ಯಾಂಕ್ಸ್ ಸರ್. ಅರಳೀಕಟ್ಟೆಯವರೇ, 1894ರ ಕಾನೂನು ಖಂಡಿತ ಸೇರಿಸುತ್ತೇನೆ, ಎಂಟು ವರ್ಷ ಅಂತ ಓದಿ ಒಂದು ಸಲ ಸುಮ್ಮನೆ ಕೂತುಬಿಟ್ಟೆ, ನನ್ನ ತಂಗಿಗೆ ಈಗ ಒಂಬತ್ತು. ಇನ್ನೊಂದೇ ಪ್ರಶ್ನೆ. ಅಲ್ಲಿ ಓದಿದವರು ಆಮೇಲೆ ಏನು ಮಾಡಿದರು?

ದೊಡ್ಡಗಡಿಯಾರ ಉತ್ತರ:

ನಾನು ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದವಳು, ಈ ಪ್ರಶ್ನೆ ನೋಡಿ ಖುಷಿಯಾಯಿತಮ್ಮ. ಕೆ.ಡಿ. ರುಕ್ಮಿಣಿಯಮ್ಮ ಅಂತ ಹುಡುಕಿ ನೋಡು. ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಲ ಹೆಂಗಸರಲ್ಲಿ ಒಬ್ಬರು, ಮಹಾರಾಣಿಯಲ್ಲೇ ಓದಿದವರು. ಶಾಲೆ ಶುರುವಾದ ಇಪ್ಪತ್ತೈದು ವರ್ಷದ ಆಸುಪಾಸಿನಲ್ಲಿ ಅಲ್ಲಿಂದ ಬಿ.ಎ. ಮಾಡಿದ ಹುಡುಗಿಯರು ಹೊರಗೆ ಬಂದರು. ರುಕ್ಮಿಣಿಯಮ್ಮನವರು ಓದಿ ಮನೆಯಲ್ಲಿ ಕೂರಲಿಲ್ಲ. ಬೆಂಗಳೂರಿನಲ್ಲಿ 1913ರಲ್ಲಿ ಹುಟ್ಟಿದ ಮಹಿಳಾ ಸೇವಾ ಸಮಾಜ ಕಟ್ಟಿದವರಲ್ಲಿ ಅವರು ಮುಖ್ಯರು. ಆ ಸಮಾಜದ ಶಾಲೆ ಈಗಲೂ ನಡೆಯುತ್ತಿದೆ. ಒಂದು ಶಾಲೆಯಲ್ಲಿ ಓದಿದವಳು ಇನ್ನೊಂದು ಶಾಲೆ ಕಟ್ಟಿದಳು ಅಂತ ಬರಿ, ನಿಮ್ಮ ಮೇಡಂ ಕೇಳಿದ ಆದರ್ಶಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾಗಿಲ್ಲ.

ಹಾಗೇ ಶಾಲೆಯ ಗೋಡೆಯ ಹೊರಗಿದ್ದವರನ್ನೂ ಮರೆಯಬೇಡ. ಮೈಸೂರಿಗೆ ಹತ್ತಿರದ ನಂಜನಗೂಡಿನಲ್ಲಿ ತಿರುಮಲಾಂಬ ಇದ್ದರು. 1887ರಲ್ಲಿ ಹುಟ್ಟಿ, ಹತ್ತಕ್ಕೆ ಮದುವೆಯಾಗಿ, ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡವರು. ಅವರು ಬೆಳೆದದ್ದು ತಂದೆಯ ಒತ್ತಾಸೆಯಿಂದ, ಮನೆಯಲ್ಲೇ ಓದಿಕೊಂಡು. 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆ ಶುರು ಮಾಡಿ ತಾವೇ ಬರೆದು ತಾವೇ ಪ್ರಕಟಿಸಿದರು, ಪತ್ರಿಕೆಯನ್ನೂ ನಡೆಸಿದರು. ಇಸವಿ ನೋಡಿದೆಯಾ, ಅದೇ 1913. ಮಹಾರಾಣಿಯಂಥ ಶಾಲೆಗಳಿಂದ ಓದಲು ಬರುವ ಹೆಣ್ಣುಮಕ್ಕಳು ಒಂದಿಷ್ಟು ಮನೆಗಳಲ್ಲಿ ಆಗಲೇ ಇದ್ದರು. ಅಂಥ ಓದುಗರಿಲ್ಲದೆ ಒಬ್ಬ ಹೆಂಗಸು ಪುಸ್ತಕ ಪ್ರಕಟಿಸಿ ನಿಭಾಯಿಸುವುದು ಆಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಲೇಖನಕ್ಕೆ ಒಂದು ಸಲಹೆ. ಅರಮನೆಯಿಂದ ಶುರು ಮಾಡಬೇಡ, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ರುಕ್ಮಿಣಿಯಮ್ಮನವರಿಂದ ಶುರು ಮಾಡಿ ಹಿಂದಕ್ಕೆ ಹೋಗು. ನಿಮ್ಮ ಅಜ್ಜಿ, ದೊಡ್ಡಮ್ಮಂದಿರಲ್ಲಿ ಯಾರಾದರೂ ಮಹಾರಾಣಿಯಲ್ಲಿ ಓದಿದವರಿದ್ದರೆ ಅವರ ಹತ್ತಿರ ಹೋಗಿ ಕೂತು ಕೇಳಿಸಿಕೋ, ಹಳೇ ಮಾರ್ಕ್ಸ್ ಕಾರ್ಡು, ಗ್ರೂಪ್ ಫೋಟೋ ಇದ್ದರೆ ಮೊಬೈಲಿನಲ್ಲಿ ತೆಗೆದುಕೊಂಡು ಬಾ, ಫೋಟೋದಲ್ಲಿ ನಿಂತಿರುವವರ ಹೆಸರು ಅವರಿಗೆ ನೆನಪಿರುವಾಗಲೇ ಹಿಂದೆ ಬರೆಸಿಕೋ. ಲೇಖನ ಆದಮೇಲೆ ಇಲ್ಲಿ ಹಾಕು, ನಾವೆಲ್ಲ ಓದುತ್ತೇವೆ.